ಸ್ವಪಕ್ಷದ ದೋಷಕ್ಕೆ ಮೌನವೇಕೆ?

ಪರರ ದೋಷವನ್ನು ಕಾಣುವ ಕಣ್ಣು ತನ್ನವರ ದೋಷದ ಮುಂದೆ ಮುಚ್ಚಿಕೊಳ್ಳುವುದು ಮನುಷ್ಯ ಸ್ವಭಾವದ ಹಳೆಯ ದೌರ್ಬಲ್ಯ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣವನ್ನು ತೋರಿಸುವವನ ಗಾದೆ ನಮ್ಮ ಮನೆಮನೆಗೂ ಪರಿಚಿತ. ಆದರೆ ಈ ದೌರ್ಬಲ್ಯವು ಒಬ್ಬ ವ್ಯಕ್ತಿಯ ಮಟ್ಟದಲ್ಲಿ ನಿಲ್ಲದೆ ಒಂದು ಉದ್ಯಮದ ರೂಢಿಯೇ ಆದಾಗ ಅದರ ಫಲವನ್ನು ಯಾರು ಉಣ್ಣಬೇಕಾಗುತ್ತದೆ? ಈ ಪ್ರಶ್ನೆಯನ್ನು ವಿಚಾರ ಮಾಡಲು ಅಮೆರಿಕದ ಸ್ಥಳೀಯ ಬಾನುಲಿ ನಿಲಯಗಳು ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತವೆ.

ಆಕಾಶವಾಣಿಯ ವಾರ್ತೆಗೆ ಒಗ್ಗಿದ ನಮ್ಮ ವಾಚಕರಿಗೆ ಆ ದೇಶದ ಪದ್ಧತಿ ತುಸು ಅಪರಿಚಿತ. ಅಲ್ಲಿ ಬಾನುಲಿ ಬಹುಮಟ್ಟಿಗೆ ಖಾಸಗಿಯವರ ವ್ಯಾಪಾರ. ನಗರದ ನಿಲಯವೊಂದರಲ್ಲಿ ಒಬ್ಬ ನಿರೂಪಕನು ಪ್ರತಿದಿನ ಎರಡು ಮೂರು ಗಂಟೆಗಳ ಕಾಲ ರಾಜಕೀಯವನ್ನು ಕುರಿತು ಮಾತನಾಡುತ್ತಾನೆ. ಶ್ರೋತೃಗಳು ದೂರವಾಣಿಯ ಮೂಲಕ ಅವನೊಡನೆ ಸಂಭಾಷಿಸುತ್ತಾರೆ. ಇದಕ್ಕೆ ‘ಟಾಕ್ ರೇಡಿಯೋ’ ಎಂದು ಹೆಸರು. ಇಂಥ ರಾಜಕೀಯ ಕಾರ್ಯಕ್ರಮಗಳಲ್ಲಿ ಬಹುಪಾಲು ಸಂಪ್ರದಾಯವಾದಿಗಳವು, ಅಂದರೆ ರಿಪಬ್ಲಿಕನ್ ಪಕ್ಷದ ಕಡೆಗೆ ಒಲಿದವು. ಎದುರು ಒಲವಿನವರು 2004ರಲ್ಲಿ ಕಟ್ಟಿದ ‘ಏರ್ ಅಮೆರಿಕ’ ಎಂಬ ಜಾಲವು 2010ರಲ್ಲಿ ಮುಚ್ಚಿಹೋಯಿತು. ಡೆಮಾಕ್ರಟಿಕ್ ಪಕ್ಷದ ಒಂದೊಂದು ತಪ್ಪನ್ನೂ ಎಳೆಎಳೆಯಾಗಿ ಬಿಡಿಸಿ ತೋರಿಸುವ ಈ ನಿರೂಪಕರು ರಿಪಬ್ಲಿಕನ್ನರ ತಪ್ಪಿನ ಪ್ರಸ್ತಾಪ ಬಂದಾಗ ಮಾತು ತಿರುಗಿಸುವುದೇಕೆ?

ಇದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. ವಿವಾದಾಸ್ಪದವಾದ ಸಾರ್ವಜನಿಕ ವಿಷಯಗಳಲ್ಲಿ ಭಿನ್ನಾಭಿಪ್ರಾಯಗಳಿಗೂ ಅವಕಾಶ ಕೊಡಬೇಕೆಂಬ ನಿಯಮವೊಂದನ್ನು ಅಲ್ಲಿನ ಸಂಪರ್ಕ ಆಯೋಗವು 1949ರಲ್ಲಿ ರೂಪಿಸಿತ್ತು. 1969ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1987ರಲ್ಲಿ ಅದಕ್ಕೆ ಶಾಸನದ ರೂಪ ಕೊಡುವ ಮಸೂದೆಯನ್ನು ಅಧ್ಯಕ್ಷ ರೇಗನ್ ತಿರಸ್ಕರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಆಯೋಗವೇ ನಿಯಮವನ್ನು ಕೈಬಿಟ್ಟಿತು. ಸಂಗೀತವೆಲ್ಲ ಎಫ್.ಎಂ. ತರಂಗಗಳಿಗೆ ಹೊರಟುಹೋಗಿ ಎ.ಎಂ. ನಿಲಯಗಳು ಸೊರಗಿದ್ದ ಕಾಲವದು. 1988ರ ಆಗಸ್ಟ್ 1ರಂದು ರಷ್ ಲಿಂಬಾ ಎಂಬುವರ ಕಾರ್ಯಕ್ರಮ ರಾಷ್ಟ್ರವ್ಯಾಪಿಯಾಗಿ ಆರಂಭವಾಯಿತು. ಮುಂದೆ 1996ರ ದೂರಸಂಪರ್ಕ ಕಾಯಿದೆಯು, ದೇಶದಲ್ಲಿ ಒಬ್ಬ ಒಡೆಯನು ಇಷ್ಟೇ ನಿಲಯಗಳನ್ನು ಹೊಂದಿರಬೇಕೆಂಬ ಮಿತಿಯನ್ನು ತೆಗೆದುಹಾಕಿತು. ‘ಕ್ಲಿಯರ್ ಚಾನೆಲ್’ ಎಂಬ ಒಂದೇ ಸಂಸ್ಥೆ ಸಾವಿರಕ್ಕೂ ಮೀರಿ ನಿಲಯಗಳನ್ನು ಕೂಡಿಸಿಕೊಂಡಿತು. ರಾಷ್ಟ್ರೀಯ ಕಾರ್ಯಕ್ರಮಗಳ ನಡುವೆ ಒಂದೆರಡು ಗಂಟೆ ದೊರೆಯುವ ಸ್ಥಳೀಯ ನಿರೂಪಕನು ಅದೇ ಶ್ರುತಿಯಲ್ಲಿ ಹಾಡಬೇಕಾಯಿತು.

ಮೇಲಿನವರು ಆಜ್ಞೆ ಮಾಡುತ್ತಾರೆ, ಕೆಳಗಿನವರು ಸುಮ್ಮನಿರುತ್ತಾರೆ ಎಂದು ತಿಳಿಯುವುದು ಸುಲಭ. ಆದರೆ ವ್ಯಾಪಾರವನ್ನು ಬಲ್ಲವರಿಗೆ ಬೇರೆ ಕಾರಣವೂ ಗೋಚರಿಸುತ್ತದೆ. ಈ ನಿರೂಪಕನು ಮಾರುವ ಸರಕು ಯಾವುದು? ಅಭಿಪ್ರಾಯವಲ್ಲ, ಶ್ರೋತೃವಿನ ಕಿವಿ. ಅದನ್ನು ಕೊಳ್ಳುವವರು ಜಾಹೀರಾತುದಾರರು: ಊರಿನ ಮೋಟಾರು ಮಾರಾಟಗಾರ, ಮನೆಯ ಛಾವಣಿ ರಿಪೇರಿ ಮಾಡುವವನು, ಚಳಿಗಾಲದ ಒಲೆ ಸರಿಪಡಿಸುವವನು. ಎಷ್ಟೋ ಜಾಹೀರಾತುಗಳನ್ನು ನಿರೂಪಕನೇ ಸ್ವಂತ ಧ್ವನಿಯಲ್ಲಿ ಹೇಳುತ್ತಾನೆ. ಅವನ ಮೇಲಿನ ವಿಶ್ವಾಸವೇ ಅಲ್ಲಿ ಬಂಡವಾಳ. ಶ್ರೋತೃವು ಬಯಸುವುದು ಜೊತೆಯನ್ನು. ತಾನು ಒಬ್ಬಂಟಿಯಲ್ಲ, ತನ್ನಂತೆ ಯೋಚಿಸುವ ಒಬ್ಬ ಬುದ್ಧಿವಂತನಿದ್ದಾನೆ ಎಂಬ ಸಮಾಧಾನವನ್ನು. ಆ ಸಮಾಧಾನಕ್ಕೆ ಭಂಗ ಬಂದ ಕ್ಷಣದಲ್ಲಿ ಗುಂಡಿ ತಿರುಗಿಸಲು ಅವನಿಗೆ ತಡೆಯಿಲ್ಲ. ಇನ್ನು ಶಾಸಕರೂ ಚುನಾವಣೆಯ ಅಭ್ಯರ್ಥಿಗಳೂ ಕಾರ್ಯಕ್ರಮಕ್ಕೆ ಅತಿಥಿಗಳಾಗಿ ಬರುತ್ತಾರೆ. ಅವರ ಮನಸ್ಸು ಮುರಿದರೆ ಮರುದಿನ ಎದುರು ನಿಲಯದಲ್ಲಿ ಕೂಡುತ್ತಾರೆ. ಹೀಗೆ ಯಾರ ಆಜ್ಞೆಯೂ ಇಲ್ಲದೆ, ದಿನದ ಲಾಭನಷ್ಟದ ಲೆಕ್ಕದಲ್ಲಿಯೇ ಮೌನವು ಬೆಳೆಯುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳುವುದು ನ್ಯಾಯ. ಈ ನಿರೂಪಕರು ಸ್ವಪಕ್ಷವನ್ನು ಎಂದೂ ಟೀಕಿಸುವುದಿಲ್ಲ ಎಂಬುದು ಸತ್ಯವಲ್ಲ. 2007ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಬುಷ್ ಅವರೇ ಬೆಂಬಲಿಸಿದ ವಲಸೆ ಮಸೂದೆಯನ್ನು ಅವರು ಉಗ್ರವಾಗಿ ವಿರೋಧಿಸಿದರು. ಜೂನ್ 28ರಂದು ಅದನ್ನು ಮುಂದೊಯ್ಯುವ ಸೂಚನೆಗೆ ಸೆನೆಟ್ಟಿನಲ್ಲಿ ದೊರೆತ ಮತಗಳು 46, ವಿರೋಧವಾದವು 53. 2014ರ ಜೂನ್‌ನಲ್ಲಿ ಸದನದ ರಿಪಬ್ಲಿಕನ್ ನಾಯಕ ಎರಿಕ್ ಕ್ಯಾಂಟರ್ ಪಕ್ಷದೊಳಗಿನ ಚುನಾವಣೆಯಲ್ಲಿಯೇ ಸೋತಾಗ ಬಾನುಲಿಯ ಬೆಂಬಲ ಎದುರಾಳಿಯ ಕಡೆಗಿತ್ತು. ಆದರೆ ಈ ಟೀಕೆಯ ಸ್ವರೂಪವನ್ನು ಗಮನಿಸಬೇಕು. ಪಕ್ಷವು ಸಾಕಷ್ಟು ಕಟ್ಟುನಿಟ್ಟಾಗಿಲ್ಲ, ಎದುರಾಳಿಗೆ ಮಣಿಯುತ್ತಿದೆ ಎಂಬುದೇ ಇಲ್ಲಿನ ದೂರು. ಅದು ಶ್ರೋತೃವಿನ ಮನಸ್ಸಿನಲ್ಲಿ ಮೊದಲೇ ಇದ್ದ ದೂರು. ಅದನ್ನು ಆಡಲು ಧೈರ್ಯ ಬೇಕಿಲ್ಲ. ಎದುರು ಪಕ್ಷದವನು ಮಾಡಿದಾಗ ಭ್ರಷ್ಟತೆಯೆಂದೂ ಸುಳ್ಳೆಂದೂ ಖಂಡಿಸಿದ ಕಾರ್ಯವನ್ನೇ ತನ್ನವನು ಮಾಡಿದಾಗ ಅದೇ ಹೆಸರಿನಿಂದ ಕರೆಯುವ ಟೀಕೆಯೇ ದುರ್ಲಭ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ಎಂಬ ಅಂಗಡಿಯನ್ನು ನಾವು ಏನೆಂದು ಕರೆಯುತ್ತೇವೆ?

ಈ ಮೌನದ ಬಗ್ಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಲಿಂಬಾ ಅವರದೇ. 2006ರ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ನರು ಎರಡೂ ಸದನಗಳನ್ನು ಕಳೆದುಕೊಂಡರು. ಮರುದಿನದ ಕಾರ್ಯಕ್ರಮದಲ್ಲಿ ಅವರು, ತನಗೆ ಬಿಡುಗಡೆಯಾದಂತೆ ಅನಿಸುತ್ತಿದೆ, ಅರ್ಹರಲ್ಲದವರ ಹೊರೆಯನ್ನು ಇನ್ನು ತಾನು ಹೊರಬೇಕಾಗಿಲ್ಲ ಎಂಬ ಅರ್ಥದ ಮಾತನ್ನಾಡಿದರು. ಅರ್ಹರಲ್ಲವೆಂದು ಅವರಿಗೆ ಚುನಾವಣೆಗೆ ಮೊದಲೇ ತಿಳಿದಿತ್ತೆಂದಾಯಿತು. ಮತ ಹಾಕುವ ಮುನ್ನ ಆ ತಿಳುವಳಿಕೆ ಬೇಕಾಗಿದ್ದುದು ಅವರನ್ನು ನಂಬಿದ ಶ್ರೋತೃಗಳಿಗೆ; ದೊರೆತದ್ದು ಮತಪೆಟ್ಟಿಗೆ ತೆರೆದ ಮೇಲೆ. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಸತ್ಯವನ್ನು ಅದರ ಕಾಲದಲ್ಲಿ ಹೇಳಲಿಲ್ಲ.

ಮೌನ ಮುರಿದವರ ಅನುಭವವೂ ಬೋಧಪ್ರದ. ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿ ನಗರದ ಚಾರ್ಲಿ ಸೈಕ್ಸ್ ಎರಡು ದಶಕಗಳಿಗೂ ಹೆಚ್ಚು ಕಾಲ ಸ್ಥಳೀಯ ನಿಲಯದಲ್ಲಿ ಸಂಪ್ರದಾಯವಾದಿಗಳ ಮೆಚ್ಚಿನ ಧ್ವನಿಯಾಗಿದ್ದವರು. 2016ರಲ್ಲಿ ಅವರು ತಮ್ಮ ಪಕ್ಷದ ಅಭ್ಯರ್ಥಿಯಾಗಲಿದ್ದ ಡೊನಾಲ್ಡ್ ಟ್ರಂಪ್ ಅವರನ್ನು ಬಹಿರಂಗವಾಗಿ ವಿರೋಧಿಸಿದರು. ಆದರೆ ಒಂದು ಸುದ್ದಿ ಸುಳ್ಳೆಂದು ಶ್ರೋತೃಗಳಿಗೆ ತಿಳಿಸಲು ಹೋದಾಗ ಅವರು ನಂಬಲಿಲ್ಲ. ಪತ್ರಿಕೆಗಳ ಆಧಾರ ತೋರಿಸಿದರೆ, ಪತ್ರಿಕೆಗಳೇ ಸುಳ್ಳು ಎಂಬ ಉತ್ತರ. ಪತ್ರಿಕೆಗಳನ್ನು ನಂಬಬೇಡಿರೆಂದು ವರ್ಷಗಳ ಕಾಲ ಕಲಿಸಿದವರಲ್ಲಿ ತಾವೂ ಒಬ್ಬರೆಂಬುದನ್ನು ಸೈಕ್ಸ್ ಒಪ್ಪಿಕೊಂಡರು. ಆ ವರ್ಷದ ಕೊನೆಯಲ್ಲಿ ಅವರು ನಿಲಯವನ್ನು ಬಿಟ್ಟರು. ಅದಕ್ಕೆ ಇದೊಂದೇ ಕಾರಣವೆನ್ನಲಾಗದು. 2019ರ ನವೆಂಬರ್‌ನಲ್ಲಿ ಡೆನ್ವರ್ ನಗರದ ಕ್ರೇಗ್ ಸಿಲ್ವರ್‌ಮನ್ ಎಂಬ ನಿರೂಪಕರ ಕಾರ್ಯಕ್ರಮ ನಡುವೆಯೇ ನಿಂತುಹೋಯಿತು. ಟ್ರಂಪ್ ಅವರ ಟೀಕೆಯೇ ಕಾರಣವೆಂದು ಅವರೆಂದರು, ಹಾಗಲ್ಲವೆಂದು ನಿಲಯದವರೆಂದರು. ಯಾರ ಮಾತು ಸರಿಯಾದರೂ, ಅದನ್ನು ಕೇಳಿದ ಇತರ ನಿರೂಪಕರು ಯಾವ ಪಾಠ ಕಲಿತಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈಗ ನೀತಿಯ ಪ್ರಶ್ನೆಗೆ ಬರೋಣ. ಮೌನದ ಸಮರ್ಥನೆಗೆ ಮುಖ್ಯವಾಗಿ ಎರಡು ವಾದಗಳುಂಟು. ಮೊದಲನೆಯದು: ನಾನು ನ್ಯಾಯಾಧೀಶನಲ್ಲ, ವಕೀಲ, ನನ್ನ ಕಕ್ಷಿಯ ದೋಷವನ್ನು ನಾನೇಕೆ ಹೇಳಲಿ? ವಕೀಲನ ಏಕಪಕ್ಷೀಯತೆ ನಿರ್ದೋಷವೇ ಹೌದು. ಆದರೆ ಅದು ನಿರ್ದೋಷವಾಗುವುದು ಅದೇ ಕೊಠಡಿಯಲ್ಲಿ ಎದುರು ವಕೀಲನೂ ಇಬ್ಬರ ಮಾತನ್ನೂ ಕೇಳುವ ನ್ಯಾಯಾಧೀಶನೂ ಇರುವುದರಿಂದ. ಬಾನುಲಿಯ ಕೊಠಡಿಯಲ್ಲಿ ಒಬ್ಬನೇ ವಕೀಲ. ಜೊತೆಗೆ ಅವನು ಶ್ರೋತೃವಿಗೆ ತನ್ನನ್ನು ಪರಿಚಯಿಸಿಕೊಳ್ಳುವುದು ಬೇರೆಯವರು ಮುಚ್ಚಿಟ್ಟ ಸತ್ಯವನ್ನು ಹೇಳುವ ಸ್ನೇಹಿತನಾಗಿ. ಸ್ನೇಹಿತನ ವೇಷದಲ್ಲಿ ವಕೀಲಿ ಮಾಡುವುದರಲ್ಲಿಯೇ ಅಡಗಿದೆ ದೋಷ.

ಎರಡನೆಯ ವಾದ ಇನ್ನೂ ಬಲವಾದದ್ದು: ನಮ್ಮವರ ತಪ್ಪನ್ನು ಹೇಳಲು ಬೇಕಾದಷ್ಟು ಪತ್ರಿಕೆಗಳಿವೆ, ದೂರದರ್ಶನವಿದೆ, ನಾವೂ ದನಿಗೂಡಿಸಿದರೆ ಗೆಲ್ಲುವವನು ನಮಗಿಂತ ಕೆಟ್ಟವನು. ಆದರೆ ಹೊರಗಿನವರ ಮಾತು ಈ ಶ್ರೋತೃವಿನ ಕಿವಿಗೆ ಬೀಳುವುದಿಲ್ಲ. ಬಿದ್ದರೂ ಅದನ್ನು ನಂಬಬಾರದೆಂದು ಅವನಿಗೆ ಇದೇ ನಿರೂಪಕನು ಕಲಿಸಿದ್ದಾನೆ. ಆದ್ದರಿಂದ ತಿದ್ದುವ ಮಾತು ಅವನನ್ನು ತಲುಪಬೇಕಾದರೆ ಅದು ಅವನ ಕಡೆಯವನ ಬಾಯಿಂದಲೇ ಬರಬೇಕು. ಯಾರ ಮಾತನ್ನು ಕೇಳುತ್ತಾರೋ ಅವನ ಹೊಣೆಯೇ ಎಲ್ಲರಿಗಿಂತ ಹಿರಿದು. ಎದುರಾಳಿಯ ಟೀಕೆ ಪಕ್ಷಕ್ಕೆ ಗಾಯ ಮಾಡಬಲ್ಲದು. ಅದನ್ನು ತಿದ್ದಬಲ್ಲದ್ದು ಸ್ವಜನರ ಟೀಕೆ ಮಾತ್ರ.

ಪಕ್ಷದ ಹಿತದ ದೃಷ್ಟಿಯಿಂದಲೂ ಈ ಮೌನ ನಷ್ಟದ ವ್ಯವಹಾರವೇ. ವರ್ಷಗಟ್ಟಲೆ ಲೆಕ್ಕಪರಿಶೋಧನೆ ಇಲ್ಲದ ಪೇಢಿಯಲ್ಲಿ ಜಮೆಯ ಅಂಕಿಗಳಷ್ಟೇ ಬೆಳೆಯುತ್ತಿದ್ದರೆ ಮಾಲೀಕನು ಸಂತೋಷಪಡಬಾರದು, ಭಯಪಡಬೇಕು. ಸಣ್ಣ ತಪ್ಪನ್ನು ಸಣ್ಣದಿದ್ದಾಗಲೇ ಹೇಳುವ ಮಿತ್ರನಿಲ್ಲದ ಪಕ್ಷಕ್ಕೆ ಅದು ದೊಡ್ಡದಾದ ಮೇಲೆ ಮತದಾರನೇ ಹೇಳುತ್ತಾನೆ. 2006ರಲ್ಲಿ ಆದದ್ದು ಅದೇ.

ಆದರೆ ಎಲ್ಲ ಹೊಣೆಯನ್ನೂ ನಿರೂಪಕನ ತಲೆಗೆ ಕಟ್ಟುವುದು ಸರಿಯಲ್ಲ. ಅವನಿಗೂ ಸಂಸಾರವಿದೆ, ಸಂಬಳದ ಚಿಂತೆಯಿದೆ. ಗಿರಾಕಿ ಕೇಳದ ಸರಕನ್ನು ಅಂಗಡಿಯವನು ಎಷ್ಟು ದಿನ ಇಟ್ಟುಕೊಂಡಾನು? ಅಪ್ರಿಯವಾದ ಸತ್ಯ ಕೇಳಿದ ಕೂಡಲೇ ಗುಂಡಿ ತಿರುಗಿಸುವ ಶ್ರೋತೃವು ಆ ಮೌನವನ್ನು ತಾನೇ ಬೆಲೆ ಕೊಟ್ಟು ಕೊಂಡಿದ್ದಾನೆ. ನಮ್ಮ ನುಡಿಯಲ್ಲಿ ‘ಪಕ್ಷ’ವೆಂದರೆ ರೆಕ್ಕೆಯೂ ಹೌದು. ಒಂದೇ ರೆಕ್ಕೆಯ ಹಕ್ಕಿ ಹಾರಲಾರದು. ಅದು ಬೀಳುವುದಕ್ಕೇ ‘ಪಕ್ಷಪಾತ’ವೆಂಬ ಹೆಸರು ಒಪ್ಪುವಂತಿದೆ. ತನ್ನವನ ತಪ್ಪನ್ನು, ಹೇಳಬೇಕಾದ ಕಾಲದಲ್ಲಿ, ಪರರಿಗೆ ಬಳಸಿದ ತೂಕದ ಕಲ್ಲಿನಿಂದಲೇ ತೂಗಿ ಹೇಳುವವನು ಪಕ್ಷದ್ರೋಹಿಯಲ್ಲ. ಅಂಥವನು ಮಾತನಾಡಿದಾಗ ಎದ್ದುಹೋಗದೆ ಕುಳಿತು ಕೇಳುವುದು ಶ್ರೋತೃವಿನ ಪಾಲಿನ ಧರ್ಮ.