ನಾಲಿಗೆಯ ಸಾಲ

ಅರಬಿಯಲ್ಲಿ ಹೃದಯಕ್ಕೂ ‘ಕಲ್ಬ್’, ನಾಯಿಗೂ ‘ಕಲ್ಬ್’. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಅರಬಿ ಕಿವಿಗೆ ಬೇರೆ. ಹೃದಯದ ಮೊದಲ ಧ್ವನಿ ಹುಟ್ಟುವುದು ನಾಲಿಗೆಯ ಬುಡ ಕಿರುನಾಲಿಗೆಯ ಬಳಿ ತಾಗಿದಾಗ. ನಾಯಿಯದು ತುಸು ಮುಂದೆ, ನಮ್ಮ ‘ಕ’ದಂತೆ. ಕುರ್‌ಆನ್ ಪಠಣಶಾಸ್ತ್ರವಾದ ತಜ್ವೀದ್ ಕಾಯುವುದು ಇಂಥ ಅಂತರಗಳನ್ನು. 1429ರಲ್ಲಿ ತೀರಿಕೊಂಡ ವಿದ್ವಾಂಸ ಇಬ್ನುಲ್ ಜಝರಿ ಧ್ವನಿಗಳಿಗೆ 17 ಹುಟ್ಟುನೆಲೆಗಳನ್ನು ಎಣಿಸಿದ್ದಾರೆ.

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನವಾಯತರ ಮನೆಮಾತು ಕೊಂಕಣಿಯ ಬಳಗದ ನವಾಯತಿ. ಬರೆಯುವುದು ಅರಬಿ-ಪಾರ್ಸಿ ಲಿಪಿಯಲ್ಲಿ. ಜೊತೆಗೆ ಉರ್ದು, ಕನ್ನಡ. ಉರ್ದುವಿನಲ್ಲಿ ಝಾಲ್, ಝೇ, ಝ್ವಾದ್, ಝೋಯ್ ನಾಲ್ಕಕ್ಕೂ ಉಚ್ಚಾರ ಒಂದೇ. ಪಠಣಕ್ಕೆ ಕೂತಾಗ ಅದೇ ಬಾಯಿ ನಾಲ್ಕನ್ನೂ ಬೇರೆಬೇರೆಯಾಗಿ ನುಡಿಯಬೇಕು: ಝಾಲ್‌ಗೆ ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಅಂಚಿಗೆ, ಝ್ವಾದ್‌ಗೆ ನಾಲಿಗೆಯ ಬದಿ ಮೇಲಿನ ದವಡೆಹಲ್ಲಿಗೆ. ‘ರಮಝಾನ್’, ‘ರಮದಾನ್’ ಎಂಬ ಎರಡು ರೂಪಗಳ ಹಿಂದಿರುವುದೂ ಈ ಝ್ವಾದೇ.

ಹಾಗಾದರೆ ನಾಲಿಗೆ ತಪ್ಪಿದರೆ ಭಕ್ತಿಯೂ ತಪ್ಪಿದಂತೆಯೇ?

ಈ ಭಯ ಒಂದು ಧರ್ಮದ್ದಲ್ಲ. ಕುಮಟಾ ತಾಲೂಕಿನದೇ ಆದ ಗೋಕರ್ಣದಲ್ಲಿ ವೇದ ಕಲಿಯುವವರಿಗೂ ಇದರ ಪರಿಚಯವಿದೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿದ ತ್ವಷ್ಟೃ ಒಂದು ಸ್ವರ ತಪ್ಪಿದ. ಹುಟ್ಟಿದ ವೃತ್ರ ಇಂದ್ರನಿಂದಲೇ ಸತ್ತ. ಎರಡೂ ಪರಂಪರೆಗಳು ಪಠ್ಯವನ್ನು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟಿಸಿದವು. ನಡುವೆ ಒಬ್ಬ ಉದಾಸೀನ ಮಾಡಿದರೆ ಮುಂದಿನವರಿಗೆಲ್ಲ ನಷ್ಟ. ಆದ್ದರಿಂದ ನಿಖರತೆ ಬರೀ ಶೋಕಿಯಲ್ಲ, ಪಡೆದವರು ತೀರಿಸಬೇಕಾದ ಸಾಲ.

ಆದರೆ ತಜ್ವೀದ್ ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅಕ್ಷರವನ್ನೇ ಬದಲಿಸುವ ಎದ್ದುಕಾಣುವ ತಪ್ಪು ‘ಲಹ್ನ್ ಜಲೀ’; ಬಲ್ಲವರಿಗಷ್ಟೇ ತಿಳಿಯುವ ಸೂಕ್ಷ್ಮ ತಪ್ಪು ‘ಲಹ್ನ್ ಖಫೀ’. ತಡವರಿಸುತ್ತ, ಕಷ್ಟಪಟ್ಟು ಓದುವವರಿಗೆ ಎರಡು ಪಾಲು ಪುಣ್ಯ ಎಂಬ ಹದೀಸ್ ಕೂಡ ಇದೆ. ಒಂದು ಪಾಲು ಓದಿಗೆ, ಇನ್ನೊಂದು ಪಟ್ಟ ಕಷ್ಟಕ್ಕೆ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಂದರೆ ನಿಯಮ ಬಿಗಿಯಾಗಿದ್ದಲ್ಲೇ ಕರುಣೆಗೂ ಜಾಗವಿದೆ.

ಸಾಲ ನನ್ನದು, ಅದರ ಹೆಸರಿನಲ್ಲಿ ಪಕ್ಕದವರ ಬಳಿ ವಸೂಲಿಗೆ ಹೋಗುವಂತಿಲ್ಲ. ತಪ್ಪನ್ನು ಹಿಡಿಯುವ ಕಿವಿ ಗುರುವಿಗೂ ಇದೆ, ಗೇಲಿ ಮಾಡುವವನಿಗೂ ಇದೆ. ಗುರು ನಿಲ್ಲಿಸಿ, ತಾನೊಮ್ಮೆ ಹೇಳಿ, ಮತ್ತೆ ಹೇಳಿಸುತ್ತಾರೆ. ಗೇಲಿ ಮಾಡುವವನು ನಕ್ಕು ಹೊರಟುಹೋಗುತ್ತಾನೆ. ‘ಹಾಲು’ ಅನ್ನಲಾರದೆ ‘ಆಲು’ ಅಂದವರನ್ನು ಕಂಡು ನಗುವ ನಾವು ಕನ್ನಡಿಗರು, ಇಬ್ಬರಲ್ಲಿ ಯಾರ ಸಾಲಿಗೆ ಸೇರಿದವರು?