ಬರೆಯದ ಪುಸ್ತಕದ ಉದ್ರಿ

ಹೋದ ಬೇಸಿಗೆಯಲ್ಲಿ ಶಹಾಪುರದ ನಮ್ಮ ಮನೆಗೆ ಬಂದಿದ್ದ ಗೆಳೆಯರೊಬ್ಬರು ನನ್ನ ಅಕ್ಕನ ಮಗನ ಬಾಯಿ ಮುಚ್ಚಿಸಿದ ರೀತಿ ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಅವರು ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುವವರು, ಇವನು ಪಿಯುಸಿ ಹುಡುಗ. ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ 'ಬಕುಮನ್' ಎಂಬ ಜಪಾನಿ ಮಂಗಾ ಓದಿ ಮುಗಿಸಿದವನು ಉಸ್ಸೆಂದು, "ಮಾಮಾ, ಇದರಾಗಿನ ರಿವರ್ಸಿ ಖರೇನ ಇದ್ದಿದ್ರ ಎಷ್ಟು ಚಲೋ ಇರ್ತಿತ್ತು" ಅಂದ. ಗೆಳೆಯರು ಚಹಾದ ಬಸಿ ಕೆಳಗಿಟ್ಟು ನಕ್ಕರು. "ತಮ್ಮಾ, ಇಲ್ಲದ ಪುಸ್ತಕನ ಎಲ್ಲಕ್ಕಿಂತ ಚಲೋ ಪುಸ್ತಕ. ಬೊರ್ಹೆಸ್‌ನ ಓದು." ಹುಡುಗ ಸುಮ್ಮನಾದ. ನಾನೂ ಸುಮ್ಮನೇ ಇದ್ದೆ. ಹಾಗಿದ್ದುಬಿಟ್ಟದ್ದಕ್ಕೆ ಈಗ ಬರೆಯುತ್ತಿದ್ದೇನೆ.

ತ್ಸುಗುಮಿ ಓಬಾ ಬರೆದು ತಕೇಶಿ ಒಬಾತಾ ಚಿತ್ರ ಬಿಡಿಸಿದ 'ಬಕುಮನ್' 2008ರಿಂದ 2012ರವರೆಗೆ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಬಂತು. ಮಂಗಾ ಮಾಡಿಯೇ ಬದುಕುತ್ತೇವೆಂದು ಹೊರಟ ಇಬ್ಬರು ಹುಡುಗರ ಕಥೆ ಅದು. ಅದರೊಳಗೂ ಅದೇ ಪತ್ರಿಕೆ ಇದೆ. ಓದುಗರು ಮೆಚ್ಚಿದ ಮೂರು ಕಥೆಗಳ ಹೆಸರು ಬರೆದು ಕಾರ್ಡು ಹಾಕುತ್ತಾರೆ, ಮತ ಬೀಳದ ಕಥೆ ನಿಂತುಹೋಗುತ್ತದೆ. ಆ ಇಬ್ಬರ ದೊಡ್ಡ ಗೆಲುವು 'ರಿವರ್ಸಿ'. ಸಂಪಾದಕರು ಅದನ್ನು ಹೊಗಳುತ್ತಾರೆ, ಎದುರಾಳಿ ಬೆವರುತ್ತಾನೆ. ನಮಗೆ ಮಾತ್ರ ಅದರ ಅಲ್ಲೊಂದು ಇಲ್ಲೊಂದು ಚೌಕ.

ಇಲ್ಲದ ವಸ್ತುವಿನ ಮಾತು ಬಂದ ಕೂಡಲೇ ನಮ್ಮ ತರ್ಕಶಾಸ್ತ್ರದವರು ಮೊಲದ ಕೊಂಬು, ಬಂಜೆಯ ಮಗ ಎಂದು ಶುರು ಮಾಡುತ್ತಾರೆ. ಪ್ಲೇಟೋ ನಕಲಿನ ನಕಲು ಎನ್ನುತ್ತಾನೆ. ಇರಲಿ. ಮೊಲದ ಕೊಂಬು ಬೇಕೆಂದು ಯಾರೂ ನಿದ್ದೆಗೆಟ್ಟಿಲ್ಲ. ನಮ್ಮ ಹುಡುಗ ರಿವರ್ಸಿಗಾಗಿ ಕೆಟ್ಟಿದ್ದಾನೆ. ನನಗೆ ಬೇಕಾದದ್ದು ಆ ವ್ಯತ್ಯಾಸ.

ನನ್ನ ವಾದ ಸರಳವಾಗಿತ್ತು. ಸುರಪುರದಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ತೂಗುತ್ತಿತ್ತು. ಅದರ ಕೆಳಗೇ ಉದ್ರಿ ವಹಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. 'ಅವರು ಒಂದು ಮಹಾಕೃತಿ ಬರೆದರು' ಎಂದು ಕಥೆಗಾರ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವಾಗ ನನಗೆ ಆ ವಹಿ ನೆನಪಾಗುತ್ತದೆ. ಅವನು ನಮ್ಮ ನಂಬಿಕೆಯನ್ನು ಉದ್ರಿ ಒಯ್ದಿದ್ದಾನೆ. ಕೃತಿ ದೊಡ್ಡದೆಂದು ನಂಬಿದ್ದಕ್ಕೇ ನಾವು ಆ ಹುಡುಗರ ಜೊತೆ ಗೆದ್ದೆವು. ಹಾಗಾದರೆ 'ಎಲ್ಲಿ, ತೋರಿಸು' ಎನ್ನುವ ಓದುಗ ಬಾಲಿಶನಲ್ಲ, ವಸೂಲಿಗೆ ಬಂದವನು.

ಗೆಳೆಯರು ಹೆಸರಿಸಿದ ಅರ್ಜೆಂಟೀನಾದ ಕಥೆಗಾರ ಬೊರ್ಹೆಸ್ ಈ ಲೆಕ್ಕವನ್ನೇ ಒಪ್ಪುವುದಿಲ್ಲ. 'ಕವಲೊಡೆವ ದಾರಿಗಳ ತೋಟ' ಸಂಕಲನಕ್ಕೆ 1941ರಲ್ಲಿ ಬರೆದ ಮುನ್ನುಡಿಯಲ್ಲಿ ಅವನು ಹೇಳಿದ್ದು ಇಷ್ಟು: ಕೆಲವೇ ನಿಮಿಷದಲ್ಲಿ ಬಾಯಿಮಾತಿನಲ್ಲಿ ಹೇಳಬಹುದಾದ್ದನ್ನು ಐನೂರು ಪುಟ ಹಿಗ್ಗಿಸುವುದು ಹುಚ್ಚು. ಪುಸ್ತಕ ಆಗಲೇ ಇದೆ ಎಂದು ನಟಿಸಿ ಅದರ ಸಾರಾಂಶ ಕೊಟ್ಟರೆ ಸಾಕು. ಸಾರಾಂಶವೇ ಸರಕು ಎಂದಾದರೆ ಬಾಕಿ ಎಲ್ಲಿಯದು?

ಇಲ್ಲಿ ನನಗೆ ನಮ್ಮೂರಿನ ಗುಡ್ಡ ಅಡ್ಡ ಬರುತ್ತದೆ. ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದವರಿಗೆ ಬುದ್ಧ ಮಲಗಿದ್ದಾನೆ: ಹಣೆ, ಮೂಗು, ಎದೆ ಎಲ್ಲವೂ ಇದೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಬುದ್ಧನ ಮೂಗಿನ ಮೇಲೆ ನಿಲ್ಲಬೇಕೆಂದು ನಾವು ನಾಲ್ಕು ಜನ ಹತ್ತಿದೆವು. ಹತ್ತಿದಂತೆ ಬುದ್ಧ ಕರಗಿದ. ಬೊರ್ಹೆಸ್ ಇದ್ದಿದ್ದರೆ 'ಕೆಳಗೇ ನಿಲ್ಲಬೇಕಿತ್ತು' ಅನ್ನುತ್ತಿದ್ದ. ಆದರೆ ನಾವು ಬರಿಗೈಲಿ ಇಳಿಯಲಿಲ್ಲ. ಕಾದ ಬಂಡೆ, ಮುಳ್ಳು ಕಂಟಿ, ಆಡು ಕಾಯುವವನೊಬ್ಬ ಕೊಟ್ಟ ಬಿಸಿನೀರಿನಂಥ ನೀರು. ಬುದ್ಧ ಸಿಗಲಿಲ್ಲ, ಗುಡ್ಡ ಸಿಕ್ಕಿತು. ಸಾರಾಂಶದಲ್ಲಿ ಇರುವುದು ಆಕಾರ. ಐನೂರು ಪುಟಗಳಲ್ಲಿ ಇರುವುದು ಆ ಬಾಯಾರಿಕೆ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದಂತಾಗುತ್ತಿತ್ತು. ಆದರೆ ಈ ಉದ್ರಿ ತೀರಿಸಿದ ಉದಾಹರಣೆಗಳೂ ಇವೆ, ಅವು ನನಗೆ ಸಹಾಯ ಮಾಡುವುದಿಲ್ಲ. ಆಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ 'ವಾಚ್‌ಮೆನ್' (1986–87) ಕಾಮಿಕ್ಸಿನಲ್ಲಿ ಪತ್ರಿಕೆ ಮಾರುವವನ ಪಕ್ಕ ಕೂತ ಹುಡುಗನೊಬ್ಬ ಕಡಲ್ಗಳ್ಳರ ಕಾಮಿಕ್ಸ್ ಓದುತ್ತಿರುತ್ತಾನೆ. 2009ರಲ್ಲಿ ಅದನ್ನು ಬೇರೆಯೇ ಅನಿಮೇಷನ್ ಚಿತ್ರ ಮಾಡಿದರು. ನೋಡಿದೆ. ಆ ಹುಡುಗ, ಆ ಅಂಗಡಿ, ಯುದ್ಧ ಇಂದೋ ನಾಳೆಯೋ ಎಂಬ ಆ ಬೀದಿಯ ಹೆದರಿಕೆ, ಇವು ಯಾವುವೂ ಇಲ್ಲದೆ ಅದು ಇನ್ನೊಂದು ಕಡಲ್ಗಳ್ಳರ ಕಥೆ ಆಗಿತ್ತು, ಅಷ್ಟೇ.

ತೀರಿಸಲೇಬಾರದ ಉದ್ರಿಯೂ ಇದೆ. ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ಮಂಜುಳಾ ನಾಯಕ್ ಎಂಬ ಕನ್ನಡ ಲೇಖಕಿ ಒಂದು ಇಂಗ್ಲಿಷ್ ಕಾದಂಬರಿಯಿಂದ ಜಗತ್ಪ್ರಸಿದ್ಧಳಾಗಿದ್ದಾಳೆ. ಟೀವಿ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನಿಸುತ್ತ ಹೋದಂತೆ, ಅದನ್ನು ಬರೆದವಳು ಗಾಲಿಕುರ್ಚಿಯಲ್ಲೇ ಬದುಕಿ ತೀರಿಕೊಂಡ ತಂಗಿ ಮಾಲಿನಿ ಎಂಬುದು ಹೊರಬರುತ್ತದೆ. ಆ ಕಾದಂಬರಿಯ ಒಂದು ಪುಟವೂ ನಮಗೆ ಸಿಗುವುದಿಲ್ಲ. ನಾಳೆ ಯಾರಾದರೂ ಅದನ್ನು ಬರೆದು ಅಚ್ಚು ಹಾಕಿದರೆ? ನಾವು ಕಾದಂಬರಿಯನ್ನು ತೂಗುತ್ತ ಕೂರುತ್ತೇವೆ, ಮಂಜುಳಾ ತಪ್ಪಿಸಿಕೊಳ್ಳುತ್ತಾಳೆ. ಮಾಲಿನಿಯ ಪುಸ್ತಕ ನಮಗೆ ಸಿಗದಿರುವುದೇ ಆ ನಾಟಕದ ನ್ಯಾಯ. ಇದನ್ನು ನಾನು ಒಪ್ಪಲೇಬೇಕು.

ಪುಸ್ತಕ ಇದ್ದರೆ ಆಸೆ ತೀರುತ್ತದೆ ಎಂಬುದೂ ಸುಳ್ಳೇ. ನಮ್ಮ ಕಡೆ ಏನು ಹೊಸದು ನಡೆದರೂ ಹಿರಿಯರು, "ಕೊಡೇಕಲ್ಲ ಬಸವಣ್ಣ ಕಾಲಜ್ಞಾನದಾಗ ಮೊದ್ಲ ಬರದಾನ" ಅನ್ನುತ್ತಾರೆ. ಕಾಲಜ್ಞಾನ ಇದೆ. ಅಮರಗನ್ನಡ ಎಂಬ ಬೇರೆಯೇ ಲಿಪಿಯ ಹಸ್ತಪ್ರತಿಗಳೂ ಇವೆ. ಆದರೆ ಹಾಗೆ ಹೇಳುವವರಲ್ಲಿ ಅದನ್ನು ಓದಿದವರನ್ನು ನಾನು ಕಂಡಿಲ್ಲ. ಓದದ ಆ ಪುಸ್ತಕ ಅವರ ಬಾಯಲ್ಲಿ ಇನ್ನೂ ಬೆಳೆಯುತ್ತಿದೆ.

ಸೋಲು ಒಪ್ಪುವ ಮೊದಲು ಬೊರ್ಹೆಸ್‌ನನ್ನು ಮತ್ತೆ ತೆರೆದೆ. ಅದೇ ಸಂಕಲನದಲ್ಲಿ ಹರ್ಬರ್ಟ್ ಕ್ವೇನ್ ಎಂಬ ಹುಟ್ಟದ ಲೇಖಕನ ಪುಸ್ತಕಗಳ ಪರಿಚಯವಿದೆ. ಕ್ವೇನ್‌ನ ಕೊನೆಯ ಪುಸ್ತಕದಲ್ಲಿ ಎಂಟು ಕಥೆಗಳು. ಪ್ರತಿಯೊಂದರಲ್ಲೂ ಒಳ್ಳೆಯ ಹಂದರವನ್ನು ಅವನು ಬೇಕೆಂದೇ ಕೆಡಿಸಿದ್ದಾನೆ, ಓದುವವನು 'ಇದು ನನಗೇ ಹೊಳೆದದ್ದು' ಎಂದು ಹಿಗ್ಗಲಿ ಎಂದು. ಕೊನೆಗೆ ನಿರೂಪಕ ಒಪ್ಪಿಕೊಳ್ಳುತ್ತಾನೆ: ಮೂರನೆಯ ಕಥೆಯಿಂದ ತಾನು 'ವೃತ್ತಾಕಾರದ ಅವಶೇಷಗಳು' ಕಥೆಯನ್ನು ತೆಗೆದೆ ಎಂದು. ಆ ಕಥೆ ಅದೇ ಸಂಕಲನದಲ್ಲಿದೆ! ಸಾರಾಂಶ ಸಾಕು ಎಂದವನೇ ಇಲ್ಲದ ಪುಸ್ತಕವೊಂದರಿಂದ ಒಂದು ಕಥೆಯನ್ನು ಇಡಿಯಾಗಿ ಬರೆದಿದ್ದಾನೆ. ಗೆಳೆಯರು ಮುನ್ನುಡಿ ಓದಿ ಪುಸ್ತಕ ಮುಚ್ಚಿರಬೇಕು.

ಮೊದಲು ಖುಷಿಯಾಯಿತು, ಆಮೇಲೆ ಕಸಿವಿಸಿ. ಬಿತ್ತಲಿಕ್ಕೆಂದು ತೊಗರಿ ಒಯ್ದವರ ಲೆಕ್ಕವನ್ನು ಅಪ್ಪ ವಹಿಯಲ್ಲಿ ಬೇರೆ ಹಾಳೆಗೆ ಬರೆಯುತ್ತಿದ್ದ. ಅದು ತಿಂದು ತೇಗುವ ಉದ್ರಿಯಲ್ಲ, ಮಳೆಯಾದ ಮೇಲೆ ಗೊತ್ತಾಗುವ ಉದ್ರಿ. ರಿವರ್ಸಿ ಯಾವ ಹಾಳೆಯದು? ಕೆಡಿಸಿ ಕೊಟ್ಟ ಕಥೆ ಬಿತ್ತನೆಯ ಕಾಳಾದರೆ ಬಾಕಿದಾರ ಕಥೆಗಾರನಲ್ಲ, ನಾನು. ವಸೂಲಿಗೆ ಹೊರಟವನ ಹೆಸರೇ ವಹಿಯಲ್ಲಿ ಸಿಕ್ಕಂತಾಯಿತು.

ಇನ್ನೊಂದು ಸಂಶಯವೂ ಇದೆ, ಅದು ಆಯಿಯಿಂದ ಬಂದದ್ದು. ಸುರಪುರದ ಮನೆಯ ಮಾಳಿಗೆ ಮೇಲೆ ಮಲಗಿಸಿಕೊಂಡು ಕತೆ ಹೇಳುವಾಗ ಒಂದು ರಾತ್ರಿ ಅಂದಿದ್ದಳು: "ರಾಜಕುಮಾರ ಆಕಿಗೆ ಒಂದು ಕತಿ ಹೇಳ್ದ. ಅದನ್ನ ಕೇಳಿ ಆಕಿ ಮೂರು ದಿನ ಅತ್ಲು." ನಾನು ಎದ್ದು ಕೂತೆ. "ಯಾವ ಕತಿ, ಆಯಿ?" "ಅದು ಆಕಿಗೆ ಹೇಳಿದ್ದು, ನಿನಗಲ್ಲ. ಮಕ್ಕೋ." ಅವತ್ತು ನನಗೆ ಬೇಕಾಗಿದ್ದದ್ದು ಆ ಕತೆಯೋ, ಅದನ್ನು ಹೇಳಿಸಿಕೊಳ್ಳುವವರ ಸಾಲಿನಲ್ಲಿ ಒಂದು ಜಾಗವೋ, ನಲವತ್ತು ವರ್ಷವಾದರೂ ಬಗೆಹರಿದಿಲ್ಲ.

ಹೋದ ವಾರ ಅದನ್ನೇ ಹುಡುಗನಿಗೆ ಕೇಳಿದೆ. "ನಿನಗ ಬೇಕಾಗಿದ್ದು ರಿವರ್ಸಿ ಏನು, ವಾರವಾರ ಅದಕ್ಕ ಕಾದು, ಕಾರ್ಡು ಬರದು ಹಾಕೋ ಆ ಮಂದಿ ನಡುವ ನೀನೂ ಇರೋದೇನು?" ಅವನು ಫೋನಿನಿಂದ ತಲೆ ಎತ್ತಿ ಸ್ವಲ್ಪ ಹೊತ್ತು ಯೋಚಿಸಿದ.

"ಗೊತ್ತಿಲ್ಲ ಮಾಮಾ. ಮೊದ್ಲ ಪುಸ್ತಕ ಬರ್ಲಿ. ಆಮ್ಯಾಲ ಹೇಳ್ತೀನಿ."