ವಿದ್ಯಾರ್ಥಿತ್ವಕ್ಕೆ ವಯೋಮಿತಿಯುಂಟೆ?

ವಿದ್ಯೆಗೆ ವಯಸ್ಸಿಲ್ಲವೆಂದು ಲೋಕವೆಲ್ಲ ಹೇಳುತ್ತದೆ. ನೆರೆಮನೆಯ ಯಜಮಾನನು ಆ ಮಾತನ್ನು ನಂಬಿ ನಡೆಯತೊಡಗಿದರೆ ಅದೇ ಲೋಕವು ನಗುತ್ತದೆ. ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿ, 1948ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯ ಸುತ್ತ ಬೆಳೆದ ದೂರವಾಣಿನಗರವಿದೆ. ಅಲ್ಲಿ ಮೂವತ್ತು ವರುಷ ದುಡಿದು, ಮಕ್ಕಳನ್ನು ದಡ ಸೇರಿಸಿ, ಹಲಸೂರಿನಲ್ಲಿ ನೆಲಸಿದ ಗೃಹಸ್ಥನೊಬ್ಬನು ಯೌವನದಲ್ಲಿ ಕೈಬಿಟ್ಟ ಗಣಿತವನ್ನು ಮರಳಿ ಹಿಡಿದು, ಸಂಶೋಧನ ವಿದ್ಯಾರ್ಥಿಯಾಗಲು ಅರ್ಜಿ ಹಾಕುವನೆಂದು ಭಾವಿಸಬಹುದು. ಕೆರೆಯ ದಂಡೆಗೆ ವಾಯುಸೇವನೆಗಾಗಿ ಬರುವ ಸ್ನೇಹಿತರು, "ಈ ವಯಸ್ಸಿನಲ್ಲಿ ನಿನಗೇಕಯ್ಯ ಈ ಹುಚ್ಚು?" ಎಂದು ಕೇಳದಿರಲಾರರು. ಈ ಪ್ರಶ್ನೆಯು ವಿಚಾರಾರ್ಹವಾದುದು.

ಪೂರ್ವಪಕ್ಷವು ದುರ್ಬಲವಲ್ಲ. ಗಣಿತವು ತರುಣರ ವಿದ್ಯೆಯೆಂದು ಹಾರ್ಡಿ ಪಂಡಿತನು 1940ರಲ್ಲಿ ಬರೆದನು. ಅದಕ್ಕಿಂತ ಗಂಭೀರವಾದ ಆಕ್ಷೇಪವು ನ್ಯಾಯಸಂಬಂಧವಾದುದು. ವಿದ್ಯಾಸಂಸ್ಥೆಗಳಲ್ಲಿ ಸ್ಥಾನಗಳು ಕೆಲವೇ. ವೇತನವು ಪ್ರಜೆಗಳ ಹಣ. ಮುಂದೆ ನಾಲ್ವತ್ತು ವರುಷ ಸೇವೆಮಾಡಬಲ್ಲ ತರುಣನ ಎಡೆಯಲ್ಲಿ ವೃದ್ಧನು ಕುಳಿತುಕೊಳ್ಳುವುದು ಧರ್ಮವೆ?

ಮೊದಲನೆಯದಕ್ಕೆ ಚರಿತ್ರೆಯೇ ಉತ್ತರ. ಜರ್ಮನಿಯ ವಾಯರ್‌ಸ್ಟ್ರಾಸನು ನಾಲ್ವತ್ತಕ್ಕೆ ಸಮೀಪಿಸುವವರೆಗೆ ಸಾಮಾನ್ಯ ಶಾಲೋಪಾಧ್ಯಾಯನಾಗಿದ್ದನು. 1854ರಲ್ಲಿ ಕ್ಯೋನಿಗ್ಸ್‌ಬರ್ಗಿನ ವಿಶ್ವವಿದ್ಯಾನಿಲಯವು ಅವನಿಗೆ ಗೌರವ ಪದವಿಯನ್ನಿತ್ತಿತು. 1955ರಲ್ಲಿ ಜನಿಸಿದ ಯೀಟಾಂಗ್ ಝಾಂಗನು ಅವಿಭಾಜ್ಯ ಸಂಖ್ಯೆಗಳ ಅಂತರವನ್ನು ಕುರಿತ ತನ್ನ ಪ್ರಸಿದ್ಧ ಪ್ರಮೇಯವನ್ನು ಪ್ರಕಟಿಸಿದುದು 2013ರಲ್ಲಿ. ಆದರೂ ಇವರು ಅಪವಾದಗಳು. ಅಪವಾದಗಳ ಬಲದಿಂದ ಸಾಮಾನ್ಯನ ಹಕ್ಕನ್ನು ಸ್ಥಾಪಿಸುವುದು ಸರಿಯಲ್ಲ.

ಮೀಮಾಂಸಕರು ಅಧಿಕಾರವಿಚಾರದಲ್ಲಿ ಅರ್ಥಿತ್ವ, ಸಾಮರ್ಥ್ಯ, ವಿದ್ಯೆ ಎಂಬ ಮೂರನ್ನು ಎಣಿಸಿದರು. ಅದೇ ಶಾಸ್ತ್ರವು ಹುಟ್ಟನ್ನು ನೋಡಿ ಬಾಗಿಲು ಮುಚ್ಚಿದುದು ದೋಷವೇ ಸರಿ. ಆ ದೋಷವನ್ನು ಬಿಟ್ಟು ಈ ಮೂರನ್ನು ಗ್ರಹಿಸಬಹುದು. ಇಚ್ಛೆಯುಂಟೆ, ಶಕ್ತಿಯುಂಟೆ, ಪೂರ್ವಶಿಕ್ಷಣವುಂಟೆ ಎಂಬುದೇ ಪ್ರಶ್ನೆ. ಹುಟ್ಟಿದ ವರುಷವು ಇವುಗಳಲ್ಲಿ ಸೇರದು. ಗೇಟ್ ಪರೀಕ್ಷೆಗೆ ವಯೋಮಿತಿಯಿಲ್ಲದಿರುವುದು ಈ ನ್ಯಾಯಕ್ಕೆ ಅನುಗುಣವಾಗಿದೆ. ಒಂದೇ ಪ್ರಶ್ನಪತ್ರಿಕೆಯನ್ನು ಬರೆದು ಗೆದ್ದವನು ಯಾರ ಎಡೆಯನ್ನೂ ಕಸಿದವನಲ್ಲ.

ವೇತನದ ಮಾತು ಬೇರೆ. ಕಿರಿಯ ಸಂಶೋಧಕ ವೇತನದ ಸಾಮಾನ್ಯ ವಯೋಮಿತಿಯನ್ನು 2018ರಲ್ಲಿ 28ರಿಂದ 30ಕ್ಕೆ ಏರಿಸಲಾಯಿತು. ಜೀವನಕ್ಕೆ ಬೇರೆ ಆಧಾರವಿಲ್ಲದ ತರುಣನಿಗೆ ಆ ಹಣವು ಅನ್ನ. ಪಿಂಚಣಿಯುಳ್ಳವನು ಅದನ್ನು ಬಯಸದಿರುವುದು ಲೇಸು. ಸ್ಥಾನಕ್ಕೆ ಸ್ಪರ್ಧಿಸುವುದು ಹಕ್ಕು. ವೇತನವನ್ನು ಬಿಟ್ಟುಕೊಡುವುದು ಔದಾರ್ಯ.

ಉಳಿದುದು ಅವನ ಆತ್ಮಪರೀಕ್ಷೆ. ಶಿಫಾರಸುಪತ್ರ ಬರೆಯಬೇಕಾದ ಗುರುಗಳು ಗತಿಸಿರಬಹುದು. ಕಲಿತ ವಿಶ್ಲೇಷಣಗಣಿತವು ಮರೆತುಹೋಗಿರಬಹುದು. ಮತ್ತೆ ತರಗತಿಯಲ್ಲಿ ಕುಳಿತು, ಮಗನ ವಯಸ್ಸಿನ ಅಧ್ಯಾಪಕನಿಂದ "ಇದು ತಪ್ಪು" ಎನ್ನಿಸಿಕೊಳ್ಳಲು ಅವನು ಸಿದ್ಧನಾಗಿರಬೇಕು. ಹೆಸರಿನ ಹಿಂದೆ ಡಾಕ್ಟರ್ ಎಂಬ ಬಿರುದು ಮಾತ್ರ ಬೇಕಾದವನು ಆ ಮಾತನ್ನು ಸಹಿಸಲಾರನು. ಗಣಿತವೇ ಬೇಕಾದವನು ಮನೆಗೆ ಬಂದು, ದೀಪ ಹಚ್ಚಿ, ತಪ್ಪಿದ ಸಾಲನ್ನು ಹುಡುಕುತ್ತಾನೆ. ಅಂಥವನನ್ನು ವಿದ್ಯಾರ್ಥಿಯೆಂದು ಕರೆಯಲು ಯಾವ ಜನ್ಮಪತ್ರಿಕೆಯೂ ಅಡ್ಡಬರಲಾರದು.